ಗಡಿಯೂರಿನಲ್ಲಿ ಬಿ.ಎ. ಓದಿ

ಇಂಟರ್ ಫಲಿತಾಂಶ ಬಂದ ವಾರ ತೆಲಂಗಾಣದ ಮಕ್ತಲ್‌ನ ತಂದೆತಾಯಂದಿರು ಇಂಜಿನಿಯರಿಂಗು, ಫಾರ್ಮಸಿ, ನರ್ಸಿಂಗು ಎಂದು ವಿಚಾರಿಸುತ್ತ ಬರುತ್ತಾರೆ. ಬಿ.ಎ. ಎಂದರೆ ಮುಖ ಸಪ್ಪಗಾಗುತ್ತದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿಯೇ ಅನ್ನ ಉಣ್ಣುತ್ತಿರುವ ನಾನು ಅವರನ್ನು ಕೂರಿಸಿಕೊಂಡು ಮಾತಾಡುತ್ತೇನೆ. ನಮ್ಮಂಥ ಗಡಿಯೂರಿಗೆ ಈ ಓದು ಬೇಕೇ ಬೇಕು.

ಪದವಿ ಮುಗಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಮನೆಮನೆ ಸರ್ವೇ. ನಾರಾಯಣಪೇಟೆಯ ನೇಕಾರರ ಓಣಿಗೆ ಹೋಗಿದ್ದೆ. ಫಾರಂನಲ್ಲಿ ನೇಯುವವರ ಹೆಸರಿಗೆ ಒಂದು ಕಾಲಂ. ಯಜಮಾನರು ತಮ್ಮ ಹೆಸರು ಬರೆಸಿದರು. ಅಲ್ಲೇ ಪಕ್ಕದಲ್ಲಿ ಅವರ ಹೆಂಡತಿ ಒಂದು ಕೈಯಲ್ಲಿ ರಾಟೆ ತಿರುಗಿಸುತ್ತ, ಇನ್ನೊಂದು ಕೈಯ ಬೆರಳ ಸಂದಿಯಿಂದ ನೂಲು ಬಿಡುತ್ತ ಕಂಡಿಕೆ ಸುತ್ತುತ್ತಿದ್ದರು. ‘ಅಕ್ಕಾರು ಏನು ಕೆಲಸ ಮಾಡ್ತಾರ್ರೀ?’ ಎಂದೆ. ‘ಆಕಿ ಏನೂ ಮಾಡಂಗಿಲ್ರೀ, ಮನ್ಯಾಗ ಇರ್ತಾಳ’ ಎಂದರು. ಆ ಕಂಡಿಕೆ ಇಲ್ಲದಿದ್ದರೆ ಲಾಳಿ ಖಾಲಿ, ಮಗ್ಗ ಬಂದ್. ಕೂಲಿಯಿಲ್ಲದ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಕ್ಲಾಸಿನಲ್ಲಿ ಬರೆದುಕೊಂಡಿದ್ದೆ. ಅದು ನನ್ನೆದುರೇ ರಾಟೆ ಹಿಡಿದು ಕೂತಿತ್ತು. ಅಕ್ಕನ ಹೆಸರು ಕೇಳಿ ಫಾರಂನಲ್ಲಿ ಸೇರಿಸಿದೆ. ಮುಂದೆ ಗದ್ವಾಲದಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸುವ ಮಗ್ಗಗಳಲ್ಲಿ ಇಬ್ಬರು ಜೊತೆಗೆ ಕೂತು ನೇಯುವುದನ್ನು ಕಂಡಾಗಲೂ ಇಬ್ಬರ ಹೆಸರನ್ನೂ ಕೇಳುವುದು ರೂಢಿಯಾಗಿತ್ತು. 2019-20ರ ಅಖಿಲ ಭಾರತ ಕೈಮಗ್ಗ ಗಣತಿ, ನೇಕಾರರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಹೆಂಗಸರು ಎಂದು ತೋರಿಸಿತು.

ಬಿ.ಇಡಿ. ಮಾಡಿ ಮೇಷ್ಟ್ರಾದೆ. ಈಗ ನಾನು ಎಲ್ಲರಿಗೂ ‘ಸೋಷಲ್ ಸಾರ್’.

ಕೃಷ್ಣಾ ಮಂಡಲದ ಊರುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಹೊಳೆ ದಾಟಿದರೆ ರಾಯಚೂರು; ಹೆಣ್ಣು ಕೊಡುವುದು ತರುವುದು, ಸಂತೆ, ಆಸ್ಪತ್ರೆ ಎಲ್ಲ ಅಲ್ಲೇ. ಗದ್ವಾಲ, ಆಲಂಪುರ ತಾಲೂಕುಗಳಂತೂ 1956ರ ವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ರಾಯಚೂರು ಮೈಸೂರಿಗೆ ಹೋಯಿತು, ಇವೆರಡು ಆಂಧ್ರಕ್ಕೆ ಸೇರಿದವು. ಹಳೆಯ ಕಥೆಯಲ್ಲವೇ ಎಂದು ಕೇಳುವವರಿದ್ದಾರೆ. ಆ ಕಥೆ ಈಗಲೂ ಮಕ್ಕಳ ನೌಕರಿ ಅರ್ಜಿಯಲ್ಲಿ ಕೂತಿದೆ. ತೆಲಂಗಾಣದಲ್ಲಿ ಸಂವಿಧಾನದ 371-ಡಿ ವಿಧಿಯಂತೆ ‘ಸ್ಥಳೀಯ’ರು ಯಾರೆಂದು ನಿರ್ಧರಿಸುವಾಗ ಒಂದರಿಂದ ಏಳನೇ ತರಗತಿಯವರೆಗೆ ಎಲ್ಲಿ ಓದಿದ್ದೆಂದು ನೋಡುತ್ತಾರೆ. ಹೊಳೆಯಾಚೆ ಕಲ್ಯಾಣ ಕರ್ನಾಟಕಕ್ಕೆ 371-ಜೆ ಇದೆ, ಅದರ ನಿಯಮ ಬೇರೆ.

ಒಬ್ಬ ತಾಯಿ ಬಂದು, ‘ಹುಡುಗನ್ನ ರಾಯಚೂರಾಗ ನಮ್ಮಣ್ಣನ ಮನ್ಯಾಗ ಇಟ್ಟು ಎರಡನೇತ್ತಿಂದ ಓದಸ್ತೀವ್ರಿ ಸಾರ್’ ಎಂದರು. ಮುಂದೆ ಇಲ್ಲಿಯ ನೌಕರಿಗೆ ಅರ್ಜಿ ಹಾಕುವಾಗ ಅವನು ಸ್ಥಳೀಯನೆನಿಸಿಕೊಳ್ಳದೆ ಹೋಗಬಹುದು, ಯೋಚನೆ ಮಾಡಿ ಎಂದು ವಿಧಿಯನ್ನು ಬಿಡಿಸಿ ಹೇಳಿದೆ. ಆ ತಾಯಿಗೆ ಅದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ರಾಜ್ಯಶಾಸ್ತ್ರ ಓದಿದವರು ಊರಿಗೊಬ್ಬರಾದರೂ ಇರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬಿ.ಎ. ಮುಗಿದ ಕೂಡಲೇ ಕೆಲಸ ಸಿಗುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ. ಗ್ರೂಪ್-2 ಪರೀಕ್ಷೆಯಲ್ಲಿ ಇತಿಹಾಸ, ರಾಜ್ಯಾಂಗ, ಅರ್ಥವ್ಯವಸ್ಥೆ, ತೆಲಂಗಾಣ ಚಳವಳಿಯ ಪತ್ರಿಕೆಗಳೇ ಇರುವುದರಿಂದ ಈ ಓದು ನೇರವಾಗಿ ಒದಗುತ್ತದೆ, ನಿಜ. ಆದರೆ ನೋಟಿಫಿಕೇಶನ್ ಕಾಯುತ್ತ ವರ್ಷಗಟ್ಟಲೆ ರೂಮಿನಲ್ಲಿ ಕೂತು ಸೊರಗಿದ ಹುಡುಗರನ್ನು ಕಂಡಿದ್ದೇನೆ, ಹೊಟ್ಟೆ ಚುರ್ ಎನ್ನುತ್ತದೆ. ಓದುವಾಗಲೇ ಸರ್ವೇಗೆ ಹೋಗಿ, ಮಹಿಳಾ ಸಂಘಗಳ ಲೆಕ್ಕ ಬರೆಯಿರಿ, ಕನ್ನಡ, ತೆಲುಗು, ಉರ್ದು ಮೂರರಲ್ಲೂ ಮಾತಾಡಲು ಕಲಿಯಿರಿ ಎಂದು ಅವರಿಗೆ ಹೇಳುತ್ತಲೇ ಇರುತ್ತೇನೆ.

ಕೃಷ್ಣಾ ಮಂಡಲದ ಮುಡುಮಾಲ್‌ನಲ್ಲಿ ಕೃಷ್ಣೆಯ ದಂಡೆಗೆ ಬೃಹತ್ ಶಿಲಾಯುಗದ ನಿಲುವುಗಲ್ಲುಗಳಿವೆ, ಕೆಲವು ಆಳೆತ್ತರಕ್ಕಿಂತ ದೊಡ್ಡವು. ಅಲ್ಲಿನ ಒಂದು ಬಂಡೆಯ ಮೇಲಿನ ಕುಳಿಗಳಲ್ಲಿ ಸಪ್ತರ್ಷಿ ಮಂಡಲವನ್ನು ಸಂಶೋಧಕರು ಗುರುತಿಸಿದ್ದಾರೆ. 2025ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಇನ್ನು ಮುಂದೆ ಹೊರಗಿನ ಜನ ಹೆಚ್ಚಾಗಿ ಬರುತ್ತಾರೆ, ಕಲ್ಲುಗಳ ವಿಷಯ ಕೇಳುತ್ತಾರೆ. ಉತ್ತರ ಹೇಳುವವರು ಆ ಊರಿನವರೇ ಆಗಬೇಕೆಂದು ನನ್ನಾಸೆ. ಆ ಊರಿನ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಾಳೆ, ಮುಂದೆ ಇತಿಹಾಸವನ್ನೇ ಓದುತ್ತೇನೆ ಎನ್ನುತ್ತಾಳೆ. ಅವರಪ್ಪ ಇನ್ನೂ ಒಪ್ಪಿಲ್ಲ. ಬರುವ ಭಾನುವಾರ ಅವರ ಮನೆಗೆ ಹೋಗುವವನಿದ್ದೇನೆ.