ನಾನಾ ಹೇಳಿದ ಟೀಮು

2019ರ ಮಾರ್ಚ್ 17ರ ರಾತ್ರಿ ಸಿದ್ದಾಪುರದ ನಮ್ಮ ಮನೆಯಲ್ಲಿ ಯಾರೂ ಬೇಗ ಮಲಗಲಿಲ್ಲ. ಮುಂಬಯಿಯಲ್ಲಿ ಐಎಸ್‌ಎಲ್ ಫುಟ್‌ಬಾಲ್ ಫೈನಲ್ ನಡೆದಿತ್ತು. ಮಗ ಬೆಂಗಳೂರು ಎಫ್‌ಸಿಯ ನೀಲಿ ಜರ್ಸಿ ತೊಟ್ಟು ಟೀವಿ ಮುಂದೆ ಕೂತಿದ್ದ. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಆಟದ ಕೊನೆಗೆ, 117ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಗೋವಾ ಸೋತಿತು.

“ಅಬ್ಬಾ, ಬೆಂಗಳೂರಿನ ಟೀಮು ಬಾಂಬೆಗೆ ಹೋಗಿ ಕಪ್ ಗೆದ್ದದ್ದು ಇದೇ ಮೊದಲು!” ಎಂದು ಮಗ ಕುಣಿದಾಡಿದ.

“ಮೊದಲಲ್ಲ. 1937ರಲ್ಲೇ ಗೆದ್ದಿದ್ದಾರೆ, ಅದೂ ಒಂದೇ ಗೋಲಿನಲ್ಲಿ” ಎಂದೆ.

“ಯಾವ ಟೀಮು?”

ಹೆಸರು ಬಾಯಿಗೆ ಬರಲು ಕೊಂಚ ಹೊತ್ತು ಹಿಡಿಯಿತು. ಬೆಂಗಳೂರು ಮುಸ್ಲಿಮ್ಸ್.

ಈ ಟೀಮಿನ ಕಥೆ ನನಗೆ ಹೇಳಿದವರು ನಾನಾ, ತಾಯಿಯ ತಂದೆ. ಲಾಲ್‌ಬಾಗಿನ ಗೋಡೆಯಾಚೆಗಿನ ನರ್ಸರಿಯೊಂದರಲ್ಲಿ ಸಸಿಗಳಿಗೆ ಮಣ್ಣು ತುಂಬುವುದು ಅವರ ಕೆಲಸ. ಅಸರ್ ನಮಾಜು ಮುಗಿಸಿ ಕೂತರೆಂದರೆ ಮಾತು ರೋವರ್ಸ್ ಕಪ್ಪಿಗೆ ಬರುತ್ತಿತ್ತು. ಬಾಂಬೆಯಲ್ಲಿ 1891ರಲ್ಲಿ ಶುರುವಾದ ಆ ಪಂದ್ಯಾವಳಿಯ ಕಪ್ಪನ್ನು ನಲವತ್ತಾರು ವರ್ಷ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. ಅದು ಬ್ರಿಟಿಷ್ ಪಲ್ಟನ್ನುಗಳ ಪಾಲು. 1937ರಲ್ಲಿ ಅದನ್ನು ಮೊದಲು ಎತ್ತಿದ್ದು ನಮ್ಮ ಊರಿನವರು. ಫೈನಲ್‌ನಲ್ಲಿ ಎದುರಿಗಿದ್ದದ್ದು ಸಾಮಾನ್ಯ ತಂಡವಲ್ಲ, 1934ರಿಂದ ವರ್ಷವೂ ಕಲ್ಕತ್ತಾ ಲೀಗ್ ಗೆಲ್ಲುತ್ತ ಬಂದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಮೂರನೇ ಸಲ ಗೆದ್ದರು.

1937ರಲ್ಲಿ ನಾನಾ ಹದಿಮೂರರ ಹುಡುಗ. ಬಾಂಬೆ ಕಂಡವರಲ್ಲ, ಮನೆಯಲ್ಲಿ ರೇಡಿಯೋ ಕೂಡ ಇರಲಿಲ್ಲ. ಆದರೂ ಗೋಲುಕಂಬದ ಪಕ್ಕದಲ್ಲೇ ನಿಂತಿದ್ದವರ ಹಾಗೆ ಹೇಳುತ್ತಿದ್ದರು. ಅವರ ಮೆಚ್ಚಿನ ಆಟಗಾರ ಈ ತಂಡಕ್ಕೆ ಆಡಿದ ಅಹ್ಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 2-1ರಲ್ಲಿ ಸೋತಾಗ ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು, ಜೊತೆಯಲ್ಲಿ ಅಹ್ಮದ್ ಖಾನ್. ಮುಂದೆ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದಾಗ ಅಲ್ಲಿನ ಐವರು ಮುಂಪಡೆ ಆಟಗಾರರನ್ನು ಬಂಗಾಳದ ಜನ ಪಂಚಪಾಂಡವರು ಎಂದು ಕರೆದರು. “ನಮ್ಮ ಅಹ್ಮದ್ ಪಾಂಡವ ಆಗಿಬಿಟ್ಟ ನೋಡು ಬೇಟಾ” ಎಂದು ನಾನಾ ನಗುತ್ತಿದ್ದರು.

ಪ್ರೈಮರಿ ನಾನು ಓದಿದ್ದು ಉರ್ದುವಿನಲ್ಲಿ, ಹೈಸ್ಕೂಲು ಕನ್ನಡದಲ್ಲಿ. 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ಸಲುವಾಗಿ ಬೆಂಗಳೂರು ಹೊತ್ತಿ ಉರಿಯಿತು. ಶಾಲೆ ಮತ್ತೆ ತೆರೆದ ಕೆಲವು ದಿನಕ್ಕೆ ಮೇಷ್ಟ್ರು “ನಾನು ಮರೆಯಲಾಗದ ಗೆಲುವು” ಎಂಬ ಪ್ರಬಂಧ ಬರೆಸಿದರು. ಬರೆದದ್ದನ್ನು ಎದ್ದು ನಿಂತು ಓದಬೇಕು. ನನ್ನ ಹತ್ತಿರ ಇದ್ದ ಗೆಲುವು ಒಂದೇ. ಆದರೆ ಆ ಹೆಸರನ್ನು ಆ ವಾರ, ಆ ತರಗತಿಯಲ್ಲಿ ಗಟ್ಟಿಯಾಗಿ ಓದುವುದು ಹೇಗೆ? 1911ರಲ್ಲಿ ಮೋಹನ್ ಬಾಗಾನ್ ಬಿಳಿಯರ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕಥೆ ಬರೆದೆ. ಮೇಷ್ಟ್ರು ಬೆನ್ನು ತಟ್ಟಿದರು. ಅವರೇನೂ ಇಂಥದ್ದು ಬರೆಯಬೇಡ ಎಂದಿರಲಿಲ್ಲ. ಹೆದರಿದ್ದು ನಾನೇ.

ಹಾಗೆಂದು ಆ ಹೆಸರೇ ಸರಿ ಎಂದು ವಾದಿಸುತ್ತಿಲ್ಲ. ಆ ಕಾಲದ ಬಾಂಬೆಯಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ ಎಂದೇ ಕ್ರಿಕೆಟ್ ತಂಡಗಳಿದ್ದವು. ಗಾಂಧೀಜಿಗೆ ಅದು ಹಿಡಿಸಿರಲಿಲ್ಲ, 1946ರ ನಂತರ ಅದು ನಡೆಯಲಿಲ್ಲ. ಇಂದು ಯಾರಾದರೂ ಅಂಥ ಹೆಸರಿನ ಟೀಮು ಕಟ್ಟಿದರೆ ಮಗನನ್ನು ಕಳಿಸಲು ನಾನೂ ಎರಡು ಸಲ ಯೋಚಿಸುತ್ತೇನೆ. ಆದರೆ ಹೊಸದಾಗಿ ಹೆಸರಿಡುವುದು ಬೇರೆ, ಗೆದ್ದವರ ಹೆಸರನ್ನು ನುಂಗಿಕೊಳ್ಳುವುದು ಬೇರೆ.

ಆ ಸಂಜೆ ನಾನಾ, “ಏನು ಬರೆದೆ, ಓದು” ಎಂದರು. ಅವರಿಗೆ ಉರ್ದು ಬಿಟ್ಟು ಬೇರೆ ಅಕ್ಷರ ಬಾರದು, ಕನ್ನಡ ಕೇಳಿದರೆ ಚೆನ್ನಾಗಿ ತಿಳಿಯುತ್ತಿತ್ತು. ಪುಸ್ತಕ ಹಿಡಿದು ಓದಿದೆ. ಮೋಹನ್ ಬಾಗಾನ್ ಎಂದಿದ್ದಲ್ಲೆಲ್ಲ ಬೆಂಗಳೂರು ಮುಸ್ಲಿಮ್ಸ್ ಎಂದೆ, ಕಲ್ಕತ್ತಾ ಎಂದಿದ್ದಲ್ಲಿ ಬಾಂಬೆ ಎಂದೆ, ಇಸವಿಯನ್ನೂ ಬದಲಾಯಿಸಿದೆ. ಒಂದು ಕಡೆಯೂ ತಡವರಿಸಲಿಲ್ಲ. “ಕನ್ನಡದಲ್ಲೂ ಬಂತಲ್ಲ ನಮ್ಮ ಟೀಮು!” ಎಂದು ಅವರು ಆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಪೆಟ್ಟಿಗೆಯಲ್ಲಿಟ್ಟರು.

ರೋವರ್ಸ್ ಕಪ್ 2000-01ರ ನಂತರ ನಿಂತೇಹೋಯಿತು. ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಾನಾ ಅದಕ್ಕೂ ಬಹಳ ಮೊದಲೇ ಹೋದರು. ಪೆಟ್ಟಿಗೆ ಅಮ್ಮಿಯ ಮಂಚದ ಕೆಳಗಿದೆ.

ಫೈನಲ್ಲಿನ ಮರುದಿನ ಪುಸ್ತಕ ತೆಗೆದು ಮಗನಿಗೆ ಕೊಟ್ಟೆ. ಪೂರ್ತಿ ಓದಿ, “ಇದರಲ್ಲಿ ನಮ್ಮ ಟೀಮೇ ಇಲ್ಲವಲ್ಲ” ಎಂದ. ನಡೆದದ್ದನ್ನು ಹೇಳಿದೆ.

“ಮತ್ತೆ ನಾನಾಗೆ ಗೊತ್ತಾಗಲೇ ಇಲ್ಲವಾ?”

ಇಲ್ಲ ಎಂದೆ. ಆದರೆ ನಾನಾ ಕೊನೆಯವರೆಗೂ ಮನೆಗೆ ಬಂದವರಿಗೆಲ್ಲ ಆ ಪುಸ್ತಕ ತೋರಿಸುತ್ತಿದ್ದರು. ಬಂದವರಲ್ಲಿ ಕನ್ನಡ ಓದಬಲ್ಲವರೂ ಇದ್ದರು.