ಕೆಂಪು ಬಾಳೆಯ ನೆರಳಿನಲ್ಲಿ

ಬೆಂಗಳೂರಿನಿಂದ ಮುಂಬೈಗೆ ಹೋಗುವ ಉದ್ಯಾನ ಎಕ್ಸ್‌ಪ್ರೆಸ್ ಕಲಬುರಗಿ ತಲುಪಿದಾಗ ಡಿಸೆಂಬರಿನ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಮಲಾಪುರದ ಆ ರೈತ ಮಗನಿಗಾಗಿ ನಿಲ್ದಾಣದಲ್ಲಿ ಕಾಯುತ್ತಿದ್ದರು. ಮಗ ಬೆಂಗಳೂರಿನಲ್ಲಿ ಎಂಜಿನಿಯರ್. ತಂದೆಯ ಕಣ್ಣಿಗೆ ಪೊರೆ ಬಂದಿದೆ, ಡಾಕ್ಟರಿಗೆ ತೋರಿಸಬೇಕು. ಅವನು ಬಂದದ್ದು ಅದಕ್ಕೆ. ತೋಟ ಮಾರಿ ಬೆಂಗಳೂರಿಗೆ ಬಂದುಬಿಡಿ ಎಂದು ಹೇಳುವ ಉದ್ದೇಶವೂ ಮನಸ್ಸಿನಲ್ಲಿತ್ತು.

ಪರೀಕ್ಷೆ ಮುಗಿಯಿತು. ಮುಂದಿನ ತಿಂಗಳು ಆಪರೇಶನ್ ಎಂದಾಯಿತು. ಕಣ್ಣಿಗೆ ಹನಿ ಹಾಕಿಸಿಕೊಂಡು ಹೊರಬಂದ ತಂದೆಗೆ ಬಿಸಿಲು ಸೂಜಿಯಂತೆ ಚುಚ್ಚತೊಡಗಿತು. 'ನಡಿ, ಕಿಲ್ಲಾದಾಗ ನೆರಳದ' ಎಂದರು.

ರಾಜಧಾನಿ ಬೀದರಿಗೆ ಹೋಗುವ ಮುನ್ನ ಬಹಮನಿ ಸುಲ್ತಾನರು ಆಳಿದ್ದು ಈ ಊರಿನಿಂದ. ಕೋಟೆಯೊಳಗಿನ ಜಾಮಿ ಮಸೀದಿ ಕಟ್ಟಿದ್ದು 1367ರಲ್ಲಿ. ಸಾಮಾನ್ಯವಾಗಿ ಮಸೀದಿಗಳ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಸೂರು. ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು. ಬಿಸಿಲ ನಾಡಿಗೆ ಹೇಳಿ ಮಾಡಿಸಿದಂಥ ತಂಪು.

'ಸಾಲ್ಯಾಗ ಇದ್ದಾಗ ಮಾಸ್ತರ್ರು ಕರಕೊಂಡು ಬಂದಿದ್ರು. ನಿನ್ನ ಕರಕೊಂಡು ಬರಬೇಕಂತಿದ್ದೆ, ಆಗ್ಲೇ ಇಲ್ಲ' ಎಂದರು ತಂದೆ. ಮಗ ಅವರ ಕೈ ಹಿಡಿದೇ ಮೆಟ್ಟಿಲು ಇಳಿಸಿದ. ಕೈ ಹಿಡಿದು ಎಷ್ಟು ವರ್ಷಗಳಾಗಿದ್ದವೋ.

ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು ಒಂದು ತಾಸಿನ ದಾರಿ. 2017ರಲ್ಲಿ ಬೀದರ್ ರೈಲು ಮಾರ್ಗ ಪೂರ್ಣಗೊಂಡ ಮೇಲೆ ರೈಲೂ ಇದೆ. ತಂದೆಗೆ ಮಾತ್ರ ಬಸ್ಸೇ ರೂಢಿ. ಹೊರಗಿನದು ಮಸುಕಾಗಿ ಕಂಡದ್ದರಿಂದ ದಾರಿಯುದ್ದಕ್ಕೂ ಪ್ರಶ್ನೆಗಳು: ತೊಗರಿ ಹೂವಿನಾಗ ಅದ ಏನು? ಕಾಯಿ ಕಟ್ಟ್ಯಾವ? ಕಿಟಕಿ ಪಕ್ಕ ಕುಳಿತ ಮಗ ನೋಡಿ ನೋಡಿ ಹೇಳಿದ. ಎಷ್ಟೋ ಸಲ ಓಡಾಡಿದ ದಾರಿ, ಆದರೆ ಇಷ್ಟು ಗಮನವಿಟ್ಟು ನೋಡಿದ್ದು ಇದೇ ಮೊದಲು.

ಕಮಲಾಪುರದ ಹೆಸರು ದೂರದವರಿಗೂ ಗೊತ್ತಿರುವುದು ಕೆಂಪು ಬಾಳೆಯಿಂದ. ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಕಾಂಡದಲ್ಲೂ ಕೆಂಪು ಛಾಯೆ, ಹಣ್ಣಿನ ಸಿಪ್ಪೆ ಕಡುಗೆಂಪು, ತಿರುಳು ಘಮಘಮ. ಆದರೆ ಬೆಳೆಯುವವನಿಗೆ ತಾಳ್ಮೆ ಬೇಕು. ಬೇರೆ ಬಾಳೆ ಸುಮಾರು ಒಂದು ವರ್ಷಕ್ಕೆ ಗೊನೆ ಕೊಟ್ಟರೆ ಇದಕ್ಕೆ ಒಂದೂವರೆ ವರ್ಷ ಬೇಕು. ಅಷ್ಟು ದಿನ ನೀರು, ಗೊಬ್ಬರ, ಆಳಿನ ಕೂಲಿ. ಎತ್ತರದ ಗಿಡ, ಗಾಳಿಗೆ ಬೀಳದಂತೆ ಆಸರೆಗೋಲು. ಬೆಲೆ ಚೆನ್ನಾಗಿದ್ದರೂ ಅನೇಕರು ಈ ಬೆಳೆ ಬಿಟ್ಟದ್ದು ಇದಕ್ಕಾಗಿಯೇ.

ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಂಡು ಇಬ್ಬರೂ ತೋಟಕ್ಕೆ ಹೋದರು. ತಂದೆ ಗೂಡಿನಿಂದ ಲೆಕ್ಕದ ವಹಿ ತೆಗೆದು ಕೊಟ್ಟರು. 'ನನಗ ಅಕ್ಷರ ಕಾಣವಲ್ವು. ಓದು.'

ಮಗ ಓದಿದ. ಹಿಂದಿನ ಎರಡು ವರ್ಷ ಖರ್ಚೇ ಹೆಚ್ಚು. ಇದನ್ನೇ ಮುಂದಿಟ್ಟು ತೋಟ ಮಾರುವ ಮಾತು ತೆಗೆಯೋಣವೆಂದು ಹಾಳೆ ಹಿಂದಕ್ಕೆ ತಿರುವುತ್ತ ಹೋದವನು 2009ರ ಜುಲೈಗೆ ಬಂದು ನಿಂತ. 'ಗೊನೆ ಬಲಿಯುವ ಮುಂಚೆ ಮುಂಗಡ ತಂದದ್ದು. ಮಗನ ಫೀಸು.' ಎದುರಿಗೆ ಬರೆದಿದ್ದ ದರ ಪೇಟೆಯ ದರದ ಅರ್ಧವೂ ಇರಲಿಲ್ಲ. ಆ ವರ್ಷ ಫೀಸಿನ ಹಣ ತಡವಾಯಿತೆಂದು ಅವನು ತಂದೆಯ ಮೇಲೆ ಫೋನಿನಲ್ಲೇ ರೇಗಿದ್ದ.

'ಯಾಕ ನಿಂತಿ? ಮುಂದ ಓದು.'

'ಅಪ್ಪಾ, ಇದನ್ನ ನನಗ ಯಾಕ ಹೇಳಲಿಲ್ಲ?'

'ಹೇಳಿದ್ರ ನೀ ಓದ್ತಿದ್ದೇನು?'

ತೋಟದ ವಿಷಯ ಅಂದು ತೀರ್ಮಾನವಾಗಲಿಲ್ಲ. ಆಪರೇಶನ್ ಆದ ಮೇಲೆ ಇಬ್ಬರೂ ಕೂತು ಲೆಕ್ಕ ನೋಡುವುದೆಂದಾಯಿತು. ಅಲ್ಲಿಯವರೆಗೆ ವಹಿ ಬರೆಯುವವರು ಬೇಕಲ್ಲ? ಮಗ ಪೆನ್ನು ತೆಗೆದು ಆ ದಿನದ ತಾರೀಖು ಹಾಕಿದ. ತಂದೆ ಹೇಳುತ್ತ ಹೋದರು: ಡಾಕ್ಟರ ಫೀಸು, ಕಣ್ಣಿನ ಔಷಧ, ಬಸ್ ಚಾರ್ಜು ಇಬ್ಬರದು.