ಒಂದು ಪುಟ್ಟ ಚಕ್ರ, ಮೂರು ಅಳತೆ

ತುರುವೇಕೆರೆಯಿಂದ ತಿಪಟೂರಿಗೆ ವರ್ಗವಾದಾಗ ನಮ್ಮ ಮನೆಯ ಸಾಮಾನೆಲ್ಲ ಕಿಬ್ಬನಹಳ್ಳಿ ಕ್ರಾಸ್ ದಾಟಿ ಕ್ಷೇಮವಾಗಿ ಬಂದು ಸೇರಿತು. ಅಜ್ಜನ ಕಾಲದ ಹಲಸಿನ ಮರದ ಮೇಜನ್ನು ನಾಲ್ಕು ಜನ ಹೊತ್ತು, ಎರಡು ಕಡೆ ಬಾಗಿಲಿಗೆ ಗುದ್ದಿಸಿ ಒಳಗೆ ತಂದರು. ಅದಕ್ಕೇನೂ ಆಗಲಿಲ್ಲ. ಮಕ್ಕಳು ಓದುವ ಮೇಜನ್ನು ಮಾತ್ರ ನಾನೇ ಬಿಚ್ಚಿ, ನಾನೇ ಕಟ್ಟಿ, ನಾನೇ ಜೋಡಿಸಲು ಹೋದೆ. ಮುರಿದದ್ದು ಅದೊಂದೇ!

ಅದು ಪೆಟ್ಟಿಗೆಯಲ್ಲಿ ಹಲಗೆ ಹಲಗೆಯಾಗಿ ಬಂದು, ನಾವೇ ಜೋಡಿಸಿಕೊಳ್ಳಬೇಕಾದ ಮೇಜು. ದೊಡ್ಡ ಮಗಳು ಪಿಯುಸಿಗೆ ಸೇರಿದಾಗ, 2015ರಲ್ಲಿ ತರಿಸಿದ್ದು. ಜೊತೆಗೆ ಒಂದು ಪ್ಲಾಸ್ಟಿಕ್ ಚೀಲದ ತುಂಬ ಸ್ಕ್ರೂ, ಒಂದು ಎಲ್ ಕೀ, ಅಕ್ಷರವೇ ಇಲ್ಲದ ಒಂದು ಚಿತ್ರದ ಹಾಳೆ ಬಂದಿದ್ದವು. ಅಂದು ಅವಳೇ ಚಿತ್ರ ನೋಡಿ ಜೋಡಿಸಿದಳು. ನಾನು ಹಲಗೆ ಹಿಡಿದುಕೊಂಡಿದ್ದೆ. ಈಗ ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮೇಜು ಚಿಕ್ಕವಳಿಗೆ ಬಂದಿದೆ, ಅವಳು ದ್ವಿತೀಯ ಪಿಯು.

ಆ ಹಲಗೆಗಳನ್ನು ಹಿಡಿದಿಡುವುದು ಪುಟ್ಟ ಪುಟ್ಟ ಲೋಹದ ಚಕ್ರಗಳು. ಒಂದು ಹಲಗೆಯಿಂದ ತಲೆಯುಳ್ಳ ಮೊಳೆಯೊಂದು ಹೊರಚಾಚಿರುತ್ತದೆ. ಇನ್ನೊಂದು ಹಲಗೆಯ ಗುಂಡಿಯಲ್ಲಿ ಈ ಚಕ್ರ ಕೂತಿರುತ್ತದೆ. ಚಕ್ರದೊಳಗಿನ ಅಂಚು ನಡುವಿನಿಂದ ಎಲ್ಲ ಕಡೆಯೂ ಒಂದೇ ದೂರದಲ್ಲಿರುವುದಿಲ್ಲ. ಸ್ಕ್ರೂಡ್ರೈವರ್ ಇಟ್ಟು ಅರ್ಧ ಸುತ್ತು ತಿರುಗಿಸಿದರೆ ಅದು ಮೊಳೆಯ ತಲೆಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಳ್ಳುತ್ತದೆ, ಎರಡು ಹಲಗೆ ಒಂದಾಗುತ್ತವೆ. ಇಳಿಜಾರನ್ನು ಕಂಬಕ್ಕೆ ಸುತ್ತಿದರೆ ಸ್ಕ್ರೂ; ಚಕ್ರದೊಳಗೆ ಸುತ್ತಿದರೆ ಇದು. ಸರಳ ಯಂತ್ರಗಳ ಪಾಠದಲ್ಲಿ ಹೇಳಬಹುದಾದ ಒಳ್ಳೆಯ ಉದಾಹರಣೆ.

ಪಾಠ ಗೊತ್ತಿದ್ದ ಮೇಷ್ಟ್ರು, 'ಗಟ್ಟಿಯಾಗಿರಲಿ' ಎಂದು ಅರ್ಧ ಸುತ್ತಿನ ಮೇಲೆ ಇನ್ನಷ್ಟು ಬಲ ಹಾಕಿದರು. ಇವು ಎರಕದ ಲೋಹ, ಬಾಗುವ ಬದಲು ಒಡೆಯುತ್ತವೆ. 'ಟಕ್' ಎಂದು ಒಂದು ಒಡೆಯಿತು. ಹೆದರಿ ಎರಡನೆಯದನ್ನು ಬಿಗಿದೆ, ಅದೂ ಒಡೆಯಿತು. ಮೊದಲ ಸಲ ಉಳಿದಿದ್ದ ಬಿಡಿ ಚಕ್ರಗಳ ಚೀಲವನ್ನು 'ಇದ್ಯಾಕೆ ಕಸ' ಎಂದು ಎಂದೋ ಎಸೆದವನೂ ನಾನೇ.

ಮಾರಿದವರಿಗೆ ಫೋನು ಮಾಡಿದೆ. 'ಆ ಮಾಡೆಲ್ ನಿಂತು ಹೋಗಿದೆ ಸಾರ್. ಪಾರ್ಟ್ಸ್ ಬರಲ್ಲ. ಹೊಸ ಮಾಡೆಲ್ ನೋಡ್ತೀರಾ?' ಎಂದರು. 'ರೀ, ಹೋಗ್ಲಿ, ಹೊಸದೇ ತಂದುಬಿಡಿ' ಎಂದಳು ನನ್ನಾಕೆ. ಬೆರಳ ತುದಿಯಷ್ಟು ಲೋಹ ಒಡೆದದ್ದಕ್ಕೆ ಇಡೀ ಮೇಜನ್ನು ಬೀದಿಗೆ ಹಾಕುವುದೇ? ಮನಸ್ಸು ಒಪ್ಪಲಿಲ್ಲ. ಇತ್ತ ಮಗಳು ಅಟ್ಟದ ಕೊಬ್ಬರಿಯ ವಾಸನೆಯ ಕೆಳಗೆ ಚಾಪೆ ಹಾಕಿಕೊಂಡು, ಬೆನ್ನು ಬಗ್ಗಿಸಿ ಕೂತು ಬರೆಯುತ್ತಿದ್ದಳು. ಅಜ್ಜನ ಮೇಜು ಅವಳಿಗೆ ಎತ್ತರ. ಅವಳು ಒಂದು ದಿನವೂ ದೂರಲಿಲ್ಲ, ಅದೇ ನನಗೆ ಕಷ್ಟವಾಯಿತು.

ಒಡೆದ ಚಕ್ರವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಅಲೆದೆ. ಎಲ್ಲ ಕಡೆಯೂ ಮೇಜಿನ ಕಂಪನಿಯ ಹೆಸರು ಹೇಳುತ್ತಿದ್ದೆ, ಎಲ್ಲರೂ ತಲೆಯಾಡಿಸುತ್ತಿದ್ದರು. ಕೊನೆಗೆ ತಿಪಟೂರಿನ ಒಂದು ಹಾರ್ಡ್‌ವೇರ್ ಅಂಗಡಿಯ ಹಿರಿಯರು ಹೆಸರನ್ನು ಕೇಳಿಸಿಕೊಳ್ಳಲೇ ಇಲ್ಲ. ಚಕ್ರವನ್ನು ಬೆಳಕಿಗೆ ಹಿಡಿದು, 'ಇದು ಮಿನಿಫಿಕ್ಸ್ ಅಲ್ವಾ ಮೇಷ್ಟ್ರೇ? ಬಡಗಿಗಳು ದಿನಾ ಒಯ್ತಾರೆ. ಹಲಗೆ ದಪ್ಪ ಎಷ್ಟು? ಗುಂಡಿ ಆಳ ಎಷ್ಟು? ಅಂಚಿನಿಂದ ಎಷ್ಟು ದೂರ?' ಎಂದರು.

ಮೂರು ಪ್ರಶ್ನೆ, ಮೂರೂ ಅಳತೆಯವು. ನಾಲ್ಕಾರು ಗಿರಾಕಿಗಳ ನಡುವೆ ಬಿಎಸ್ಸಿ ಬಿಎಡ್ ಓದಿದ ನಾನು ಬಾಯಿ ಬಿಡಲಾರದೆ ನಿಂತೆ. ಆಮೇಲೆ ಮಾನ ಉಳಿಸಿಕೊಳ್ಳಲು, 'ಹದಿನೆಂಟು ಮಿಲಿಮೀಟರ್ ಇರಬೇಕು' ಎಂದೆ. ಅವರು ಕೊಟ್ಟರು. ಮನೆಗೆ ತಂದು ಕೂರಿಸಿದರೆ ಚಕ್ರ ಗುಂಡಿಯಿಂದ ಮೇಲೆ ಎದ್ದು ನಿಂತಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನನಗಾಗಿಯೇ ಹುಟ್ಟಿದಂತಿತ್ತು.

ಚಿಕ್ಕವಳು ಬಗ್ಗಿ ನೋಡಿ, 'ಅಪ್ಪಾ, ಅಳತೆ ತಗೊಂಡಿದ್ಯಾ?' ಎಂದಳು.

ಮರುದಿನ ಶಾಲೆಯ ಬೀರುವಿನಿಂದ, ಪುಸ್ತಕದಲ್ಲಿ ಬರೆದಿಟ್ಟು, ವರ್ನಿಯರ್ ಕ್ಯಾಲಿಪರ್ಸ್ ತಂದೆ. ಮಗಳು ಮೊದಲು ದವಡೆಗಳನ್ನು ಮುಚ್ಚಿ ಸೊನ್ನೆ ದೋಷ ನೋಡಿದಳು. ಹಲಗೆಯನ್ನು ಮೂರು ಕಡೆ ಅಳೆದಳು: 16 ಮಿಲಿಮೀಟರ್. ಉಪಕರಣದ ಬಾಲದಿಂದ ಹೊರಬರುವ ಕಡ್ಡಿಯನ್ನು ಗುಂಡಿಗೆ ಇಳಿಸಿದಳು: ಆಳ ಹನ್ನೆರಡೂವರೆ. ಗುಂಡಿಯ ಅಡ್ಡಳತೆ 15. ಹಲಗೆಯ ಅಂಚಿನಿಂದ ಗುಂಡಿಯ ಹತ್ತಿರದ ಅಂಚಿಗೆ ಇಪ್ಪತ್ತಾರೂವರೆ. ಅದಕ್ಕೆ ಗುಂಡಿಯ ತ್ರಿಜ್ಯ ಏಳೂವರೆ ಸೇರಿಸಿ, 'ನಡುಬಿಂದುವಿಗೆ 34 ಅಪ್ಪಾ' ಎಂದಳು. ಮೊದಲ ಪಿಯು ಪ್ರಯೋಗದ ಪುಸ್ತಕದಲ್ಲಿ ಅಂಕಕ್ಕಾಗಿ ಬರೆದದ್ದನ್ನು ಅವಳು ಮೊದಲ ಸಲ ಬೇಕಾಗಿ ಬಳಸಿದ್ದಳು. ಮೂವತ್ತು ವರ್ಷ ಅದನ್ನು ಮಕ್ಕಳಿಗೆ ತೋರಿಸಿದ ನಾನೂ ಅಷ್ಟೇ!

ಚೀಟಿ ನೋಡಿದ ಅಂಗಡಿಯವರು ಮಾತಾಡದೆ ಒಂದು ಡಬ್ಬಿ ತೆಗೆದರು. ಎಂಟು ಚಕ್ರ, ಎಂಟು ಮೊಳೆ. ಎಲ್ಲ ಸೇರಿ ಇನ್ನೂರು ರೂಪಾಯಿ ದಾಟಲಿಲ್ಲ. ಮೊಳೆ ಕೂರುವ ಎರಡು ತೂತು ಸಡಿಲವಾಗಿದ್ದವು. ಮರದ ಪುಡಿ-ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಬಿಚ್ಚಿ ಬಿಚ್ಚಿ ಹಾಕಿದರೆ ಹಿಡಿತ ಬಿಡುತ್ತದೆ, ನೀರು ತಾಗಿದರೆ ಊದುತ್ತದೆ. ಅದಕ್ಕೂ ಅವರೇ ಉಪಾಯ ಹೇಳಿದರು: ಬಿದಿರಿನ ಸೀಳಿಗೆ ಫೆವಿಕಾಲ್ ಸವರಿ ತೂತಿಗೆ ತುಂಬಿ, ಒಂದು ರಾತ್ರಿ ಬಿಟ್ಟು, ಮತ್ತೆ ಸಣ್ಣಗೆ ಕೊರೆಯಬೇಕು. ಹಾಗೇ ಮಾಡಿದೆವು.

ಮೇಜನ್ನು ಹೀಗೆ ಕಳಚಿ ಕಳಿಸುವ ಯೋಚನೆ ಹಳೆಯದು. ಸ್ವೀಡನ್ನಿನ ಐಕಿಯಾದಲ್ಲಿ ಕೆಲಸಕ್ಕಿದ್ದ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬವರು ಕಾರಿನಲ್ಲಿ ಹಿಡಿಯದ ಮೇಜೊಂದರ ಕಾಲು ಬಿಚ್ಚಿ ಒಯ್ದದ್ದರಿಂದ ಅದು ಬೆಳೆಯಿತೆಂದು ಹೇಳುತ್ತಾರೆ. 1956ರಿಂದ ಆ ಕಂಪನಿ ಹಾಗೆ ಮಾರತೊಡಗಿತು. ತುಮಕೂರು ರಸ್ತೆಯ ನಾಗಸಂದ್ರದಲ್ಲಿ ಅದರ ಅಂಗಡಿ ತೆರೆದದ್ದು 2022ರಲ್ಲಿ. ನಮ್ಮ ಮೇಜು ಅದಕ್ಕೂ ಮೊದಲಿನದು, ಬೇರೆ ಕಡೆಯದು. ಅದೇ 2022ರಲ್ಲಿ ಕೇಂದ್ರ ಸರ್ಕಾರವೂ 'ದುರಸ್ತಿಯ ಹಕ್ಕು' ಎಂಬ ಮಾತೆತ್ತಿ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕನ್ನು ಮೊದಲಿಗೆ ಆರಿಸಿಕೊಂಡರು. ಓದುವ ಮೇಜನ್ನು ಯಾರೂ ಹೆಸರಿಸಲಿಲ್ಲ.

ಆದರೆ ನಮ್ಮ ಮೇಜನ್ನು ಉಳಿಸಿದ್ದು ಇನ್ನೂ ಹಳೆಯದೊಂದು ಒಪ್ಪಂದ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್, ಎಲ್ಲ ಕಾರ್ಖಾನೆಗಳೂ ಸ್ಕ್ರೂಗೆ ಒಂದೇ ಅಳತೆಯ ಸುತ್ತು ಕೊರೆಯಲಿ ಎಂದು ಸೂಚಿಸಿದರು. ಅದಕ್ಕೆ ಮೊದಲು ಒಂದು ಕಾರ್ಖಾನೆಯ ಬೋಲ್ಟಿಗೆ ಇನ್ನೊಂದರ ನಟ್ಟು ಕೂರುವ ಭರವಸೆ ಇರಲಿಲ್ಲ. ನಮ್ಮಲ್ಲಿ 1947ರಲ್ಲೇ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. ತಿಪಟೂರಿನಲ್ಲಿ ಕೊಂಡ ಸೈಕಲ್ ಟ್ಯೂಬು ಚಿಕ್ಕನಾಯಕನಹಳ್ಳಿಯ ಸೈಕಲ್ಲಿಗೆ ಕೂರುವುದು ಹೀಗೆ ಒಂದೇ ಅಳತೆಗೆ ಒಪ್ಪಿಕೊಂಡದ್ದರಿಂದಲೇ. ಮಾಡೆಲ್ಲಿನ ಹೆಸರು ನಿಂತುಹೋಗಬಹುದು, ಕಂಪನಿಯೇ ಮುಚ್ಚಬಹುದು. 15, 16, 34 ಎಂಬ ಸಂಖ್ಯೆಗಳು ನಿಲ್ಲುವುದಿಲ್ಲ. ನಾನು ಹೆಸರು ಹಿಡಿದು ಹುಡುಕಿದೆ, ಸಿಗಲಿಲ್ಲ. ಮಗಳು ಅಳತೆ ಹಿಡಿದು ಹುಡುಕಿದಳು, ಸಿಕ್ಕಿತು.

ಈಗ ಆ ಮೂರು ಅಳತೆಗಳ ಚೀಟಿಯನ್ನು ಡ್ರಾಯರಿನ ತಳಕ್ಕೆ ಅಂಟಿಸಿದ್ದೇವೆ. ಮಿಕ್ಕ ಚಕ್ರಗಳು ಅಲ್ಲೇ ಒಂದು ಪೊಟ್ಟಣದಲ್ಲಿವೆ. ಅದನ್ನು ಕಸವೆಂದು ಎಸೆಯಲು ನನಗೆ ಅಧಿಕಾರವಿಲ್ಲವೆಂದು ಮನೆಯಲ್ಲಿ ತೀರ್ಮಾನವಾಗಿದೆ.

ಒಡೆದ ಚಕ್ರ ಶಾಲೆ ಸೇರಿತು. ಈ ವರ್ಷ ವರ್ನಿಯರ್ ತೋರಿಸುವಾಗ ಗೋಲಿಯ ಬದಲು ಅದನ್ನೇ ಕೊಟ್ಟೆ. ಒಬ್ಬನಿಗೆ 14.9 ಬಂತು, ಇನ್ನೊಬ್ಬಳಿಗೆ 15.1. 'ಯಾವುದು ಸರಿ ಸಾರ್?' ಎಂದು ಜಗಳಕ್ಕೇ ನಿಂತರು. ಮೊದಲಾಗಿದ್ದರೆ ಪುಸ್ತಕದ ಉತ್ತರ ಹೇಳುತ್ತಿದ್ದೆ. 'ಇನ್ನೊಂದು ಸಲ ಅಳೆಯಿರಿ' ಎಂದೆ.